ಹೀತ್‌ಕ್ಲಿಫ್‌ನ ಮಾತೃಭಾಷೆ ಯಾವುದು?

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಹೊಸ ಸಿನಿಮಾ ಆಗಿ ಬಂದಾಗಲೆಲ್ಲ ಒಂದೇ ಜಗಳ ಎದ್ದು ಕೂರುತ್ತದೆ: ನಾಯಕ ಹೀತ್‌ಕ್ಲಿಫ್‌ನ ಮೈಬಣ್ಣ ಯಾವುದು? 2011ರಲ್ಲಿ ಆಂಡ್ರಿಯಾ ಆರ್ನಲ್ಡ್ ಆ ಪಾತ್ರವನ್ನು ಕಪ್ಪು ವರ್ಣದ ನಟನಿಗೆ ಕೊಟ್ಟಾಗ ಚರ್ಚೆಯಾಯಿತು. ಎಮರಾಲ್ಡ್ ಫೆನೆಲ್ ತಮ್ಮ ಸಿನಿಮಾಕ್ಕೆ ಬಿಳಿಯ ನಟ ಜೇಕಬ್ ಎಲೋರ್ಡಿಯನ್ನು ಆರಿಸಿದಾಗ ಮತ್ತೆ ಆಯಿತು. ಬಣ್ಣದ ಪ್ರಶ್ನೆ ಸಣ್ಣದೇನಲ್ಲ. ಆದರೆ ಭಾಷಾಶಾಸ್ತ್ರ ಓದಿ, ಅನುವಾದದಿಂದ ಹೊಟ್ಟೆ ಹೊರೆಯುವ ನನ್ನಂಥವರಿಗೆ ಅದಕ್ಕಿಂತ ಮೊದಲು ಕೇಳಬೇಕೆನಿಸುವ ಪ್ರಶ್ನೆ ಇನ್ನೊಂದಿದೆ. ಆ ಹುಡುಗನ ಮಾತೃಭಾಷೆ ಯಾವುದಾಗಿತ್ತು?

ಕಾದಂಬರಿ ಓದದವರಿಗಾಗಿ ಕಥೆಯ ಮೊದಲ ಗಂಟನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಬೋಳು ಗುಡ್ಡದ ಮೇಲೆ ಒಂದು ಹಳೆಯ ತೋಟದ ಮನೆ. ಯಜಮಾನ ಅರ್ನ್‌ಶಾ ಅರವತ್ತು ಮೈಲಿ ನಡೆದು ಲಿವರ್‌ಪೂಲ್‌ಗೆ ಹೋಗುತ್ತಾನೆ. ಬರುವಾಗ ಮಗ ಹಿಂಡ್ಲಿಗೆ ಪಿಟೀಲು, ಮಗಳು ಕ್ಯಾಥರೀನ್‌ಗೆ ಚಾವಟಿ ತರುತ್ತೇನೆಂದು ಮಾತು ಕೊಟ್ಟಿರುತ್ತಾನೆ. ತರುವುದು ಬೀದಿಯಲ್ಲಿ ಸಿಕ್ಕ ಒಂದು ಹುಡುಗನನ್ನು. ಪಿಟೀಲು ದಾರಿಯಲ್ಲಿ ಪುಡಿಯಾಗಿದೆ, ಚಾವಟಿ ಕಳೆದುಹೋಗಿದೆ. ಹುಡುಗ ನಡೆಯುವಷ್ಟು, ಮಾತಾಡುವಷ್ಟು ದೊಡ್ಡವನು. ಮಾತಾಡುತ್ತಲೂ ಇದ್ದಾನೆ. ಆದರೆ ಅವನು ಆಡುವುದು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಈ ಕಥೆಯನ್ನೆಲ್ಲ ನಮಗೆ ಹೇಳುವ ಮನೆಗೆಲಸದ ನೆಲ್ಲಿ ಅದನ್ನು ಅರ್ಥವಿಲ್ಲದ ಬಡಬಡಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾಳೆ.

ಭಾಷೆ ಕಲಿಸುವ ತರಗತಿಗಳಲ್ಲಿ ನಮಗೆ ಮೊದಲು ಹೇಳಿಕೊಡುವ ಪಾಠವೇ ಇದು: ಅರ್ಥವಿಲ್ಲದ ಮಾತು ಎಂಬುದು ಬಹುತೇಕ ಸಂದರ್ಭಗಳಲ್ಲಿ ಕೇಳುವವರ ಅಜ್ಞಾನಕ್ಕೆ ಕೊಟ್ಟ ಹೆಸರು. ಆರೇಳು ವರ್ಷದ ಮಗು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದೆ ಅಂದರೆ ಅದಕ್ಕೆ ಒಂದು ಭಾಷೆ ಇದೆ, ಆ ಭಾಷೆ ಕಲಿಸಿದ ಒಬ್ಬ ತಾಯಿಯೋ ಅಜ್ಜಿಯೋ ಇದ್ದರು. ಆ ಮನೆಯವರು ಅವನಿಗೆ ಹೊಟ್ಟೆಗೆ ಹಾಕುತ್ತಾರೆ, ಸತ್ತುಹೋದ ತಮ್ಮ ಮಗನ ಹೆಸರನ್ನು ಇಡುತ್ತಾರೆ. ಆ ಒಂದೇ ಹೆಸರು ಅವನಿಗೆ ಹೆಸರೂ ಹೌದು, ಮನೆತನದ ಹೆಸರೂ ಹೌದು. ಅವನ ಮೊದಲ ಭಾಷೆ ಅಲ್ಲಿಂದ ಮುಂದೆ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ನನ್ನ ಪ್ರಕಾರ ಈ ಕಾದಂಬರಿಯಲ್ಲಿ ನಡೆಯುವ ಮೊದಲ ಅನ್ಯಾಯ ಇದು. ಮುಂದಿನ ಮೂವತ್ತು ವರ್ಷಗಳ ಸೇಡು ಇದೇ ದಾರಿಯಲ್ಲಿ, ಅಂದರೆ ನಾಲಿಗೆ ಮತ್ತು ಅಕ್ಷರದ ದಾರಿಯಲ್ಲಿ, ನಡೆಯುತ್ತದೆ. ಸೇಡು ಮುಗಿಯುವುದೂ ಅಲ್ಲಿಯೇ. ಹಾಗಾಗಿ ಇದನ್ನು ‘ಅಮರ ಪ್ರೇಮ’ ಎಂದು ಓದುವವರು ಅರ್ಧ ಪುಸ್ತಕ ಓದಿದಂತೆ. ಇದನ್ನು ಕನ್ನಡಕ್ಕೆ ತರುವವರು ಪಾತ್ರಗಳ ಮಾತನ್ನೆಲ್ಲ ಒಂದೇ ಹದದ ಪುಸ್ತಕದ ಕನ್ನಡಕ್ಕೆ ಇಳಿಸಿದರೆ ಕಥೆಯ ಬೆನ್ನೆಲುಬನ್ನೇ ಮುರಿದಂತೆ.

ಅರ್ಧ ಪುಸ್ತಕ ಅಂದದ್ದು ಅಳತೆಯ ಮಾತು. ಕಾದಂಬರಿಗೆ 34 ಅಧ್ಯಾಯಗಳಿವೆ. ಕ್ಯಾಥರೀನ್ ಸಾಯುವುದು 16ನೆಯದರಲ್ಲಿ. ವಿಲಿಯಂ ವೈಲರ್‌ನ 1939ರ ಹಾಲಿವುಡ್ ಸಿನಿಮಾ ಸುಮಾರಾಗಿ ಅಲ್ಲಿಗೇ ಕೈ ಮುಗಿಯಿತು. ನಮ್ಮಲ್ಲಿ ದಿಲೀಪ್ ಕುಮಾರ್ ಒಬ್ಬರೇ ಈ ಕಥೆಯ ನೆರಳಿನಲ್ಲಿ ‘ಆರ್ಜೂ’ (1950), ‘ಹಲ್‌ಚಲ್’ (1951), ‘ದಿಲ್ ದಿಯಾ ದರ್ದ್ ಲಿಯಾ’ (1966) ಎಂದು ಮೂರು ಸಿನಿಮಾ ಮಾಡಿದರು. ಎಲ್ಲ ಕಡೆಯೂ ಕಣ್ಣು ಪ್ರೇಮಿಗಳ ಮೇಲೆ. ವೈಲರ್‌ನ ಸಿನಿಮಾದಲ್ಲಿ ಕ್ಯಾಥರೀನ್ ಆದವರು ಮರ್ಲ್ ಒಬೆರಾನ್. ಹುಟ್ಟಿದ್ದು ಮುಂಬಯಿಯಲ್ಲಿ, ಮಿಶ್ರ ವಂಶದಲ್ಲಿ. ಬದುಕಿಡೀ ತಾವು ಹುಟ್ಟಿದ್ದು ಟಾಸ್ಮೇನಿಯಾದಲ್ಲಿ ಎಂದೇ ಹೇಳಿಕೊಂಡರು. ತನ್ನ ಮೂಲ ಕಳೆದುಕೊಂಡ ಹುಡುಗನನ್ನು ಪ್ರೀತಿಸುವ ಪಾತ್ರವನ್ನು ತನ್ನ ಮೂಲ ಮುಚ್ಚಿಟ್ಟುಕೊಂಡ ಹೆಣ್ಣು ಮಾಡಿದ್ದರು!

ಈಗ ಹೆಸರಿಗೆ ಬರೋಣ. ‘ವುದರಿಂಗ್’ ಎಂಬುದು ಇಂಗ್ಲಿಷ್ ಶಿಷ್ಟಭಾಷೆಯ ಪದವೇ ಅಲ್ಲ. ಗುಡ್ಡದ ಮೇಲೆ ಬಿರುಗಾಳಿ ಏಳುವಾಗಿನ ಅಬ್ಬರಕ್ಕೆ ಆ ಸೀಮೆಯ ಜನ ಆಡುತ್ತಿದ್ದ ಪದ. ಹೊರಗಿನಿಂದ ಬಂದ ಬಾಡಿಗೆದಾರ ಲಾಕ್‌ವುಡ್ ಮೊದಲ ಅಧ್ಯಾಯದಲ್ಲೇ ಅದರ ಅರ್ಥವನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅಂದರೆ ಪುಸ್ತಕದ ಹಣೆಯ ಮೇಲೇ ಒಂದು ಊರಮಾತು ಇದೆ. ನಾನು ಹುಟ್ಟಿ ಬೆಳೆದದ್ದು ಅಥಣಿ ಕಡೆ, ಈಗ ಕೆಲವು ವರ್ಷಗಳಿಂದ ಇರುವುದು ಪುಣೆ ಜಿಲ್ಲೆಯ ಭೋರ್‌ನಲ್ಲಿ. ಸಹ್ಯಾದ್ರಿಯ ಮಡಿಲಿನ ಊರು, ಒಂದು ಕಾಲಕ್ಕೆ ಪಂತ ಸಚಿವರ ಪುಟ್ಟ ಸಂಸ್ಥಾನ. ಆಷಾಢದಲ್ಲಿ ರಾಯರೇಶ್ವರದ ಪಠಾರದ ಮೇಲೆ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ. ಆ ಸದ್ದಿಗೆ ಕನ್ನಡದಲ್ಲಿ ಬೇರೆ ಪದ ಹುಡುಕಬೇಕಿಲ್ಲ, ಭೋರ್ ಎಂದೇ ಅನ್ನುತ್ತೇವೆ. ಊರಿನ ಹೆಸರು ಆ ಸದ್ದಿನಿಂದ ಬಂತೆಂದು ನಾನು ಹೇಳುತ್ತಿಲ್ಲ, ಕಿವಿಗೆ ಸಿಕ್ಕ ಬೋನಸ್ಸು ಅಷ್ಟೇ. ‘ಭೋರ್ಗರೆವ ದಿಣ್ಣೆ’ ಎಂದರೆ ಹೆಸರಿನ ಅರ್ಥ ಬಂದೀತು. ಆದರೆ ‘ಭೋರ್ಗರೆ’ ಎಲ್ಲ ಕನ್ನಡಿಗರಿಗೂ ಗೊತ್ತಿರುವ ಪದ. ಇಂಗ್ಲಿಷ್ ಓದುಗ ಮೊದಲ ಪುಟದಲ್ಲೇ ಮುಗ್ಗರಿಸುವ ಹಾಗೆ ಕನ್ನಡದ ಓದುಗ ಮುಗ್ಗರಿಸುವುದಿಲ್ಲ. ಆ ಮುಗ್ಗರಿಕೆ ಎಮಿಲಿಗೆ ಬೇಕಿತ್ತು.

ಇಂಥ ತೊಡಕುಗಳು ಒಂದೆರಡಲ್ಲ. ಕೆಲವು ಅಧ್ಯಾಯಗಳನ್ನು ಕನ್ನಡದಲ್ಲಿ ಬರೆದು ನೋಡುವಾಗ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಒಂದು ಸರ್ವನಾಮ. ಲಿವರ್‌ಪೂಲ್‌ನಿಂದ ಬಂದ ಹುಡುಗನನ್ನು ನೆಲ್ಲಿ ಇಂಗ್ಲಿಷಿನಲ್ಲಿ ‘ಅವನು’ ಅನ್ನುವುದಿಲ್ಲ, ‘ಅದು’ ಅನ್ನುತ್ತಾಳೆ. ಇಂಗ್ಲಿಷ್ ಓದುಗರಿಗೆ ಅಲ್ಲಿ ಚುರುಕ್ ಅನ್ನುತ್ತದೆ. ಕನ್ನಡದಲ್ಲಿ? ಮಗು ಅತ್ತಿತು, ಪಾಪ ಅದಕ್ಕೆ ಹಸಿವು, ಅದು ಮಲಗಲಿ ಬಿಡಿ. ನಾವು ಮಗುವಿಗೆ ಮುದ್ದಿನಿಂದಲೇ ‘ಅದು’ ಅನ್ನುವವರು. ಮರಾಠಿಯಲ್ಲೂ ಹಾಗೆಯೇ, ‘ಮೂಲ್’ ‘ಲೇಕರೂ’ ಎರಡೂ ನಪುಂಸಕಲಿಂಗ. ಪದಕ್ಕೆ ಪದ ಇಟ್ಟರೆ ನೆಲ್ಲಿಯ ಅಸಹ್ಯ ಕನ್ನಡದಲ್ಲಿ ಅಕ್ಕರೆಯಾಗಿ ಕೇಳಿಸುತ್ತದೆ. ನನಗೆ ಸಿಕ್ಕ ದಾರಿ ‘ಅದು’ ಬಿಟ್ಟು ‘ಇದು’ ಹಿಡಿಯುವುದು. ‘ಇದನ್ನ ಎಲ್ಲಿಂದ ತಂದ್ರಿ?’ ಎಂದು ಮನೆಯೊಡತಿ ಎದುರಿಗೆ ನಿಂತ ಮಗುವನ್ನು ತೋರಿಸಿ ಕೇಳಿದರೆ, ಆ ‘ಇದು’ವಿನಲ್ಲಿ ಇಂಗ್ಲಿಷಿನ ಚುಚ್ಚು ಮರಳಿ ಬರುತ್ತದೆ. ಮುಂದೆ ಯಾವ ವಾಕ್ಯದಲ್ಲಿ, ಯಾರ ಬಾಯಲ್ಲಿ ಅವನು ‘ಅವನು’ ಆಗುತ್ತಾನೆ ಎಂಬುದನ್ನು ಅನುವಾದಕರು ಎಣಿಸಿ ಇಡಬೇಕು.

ಇನ್ನೊಂದು ಪದ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ನೆರೆಯ ಶ್ರೀಮಂತ ಲಿಂಟನ್ ಈ ಹುಡುಗನನ್ನು ಮೊದಲು ನೋಡಿದಾಗ ‘ಲಾಸ್ಕರ್’ ಇರಬಹುದು ಅನ್ನುತ್ತಾನೆ. ಇಂಗ್ಲಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಕಡೆಯ ನಾವಿಕರಿಗೆ ಅಂದಿನ ಹೆಸರು ಅದು. ಮೂಲ ಪಾರ್ಸಿಯ ‘ಲಷ್ಕರ್’, ಅಂದರೆ ಸೈನ್ಯ. ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಪುಣೆಯ ಕ್ಯಾಂಪ್ ಪ್ರದೇಶವನ್ನು ಮರಾಠಿ ಜನ ಇವತ್ತಿಗೂ ‘ಲಷ್ಕರ್’ ಅನ್ನುತ್ತಾರೆ, ಮೈಸೂರಿನಲ್ಲಿ ಲಷ್ಕರ್ ಮೊಹಲ್ಲಾ ಇದೆ. ಹೀತ್‌ಕ್ಲಿಫ್ ನಮ್ಮವನೇ ಎಂದು ಹಕ್ಕು ಸಾಧಿಸಲು ಇದನ್ನು ಹೇಳುತ್ತಿಲ್ಲ. ಅದೇ ವಾಕ್ಯದಲ್ಲಿ ಅವನು ಅಮೆರಿಕದವನೋ ಸ್ಪೇನಿನವನೋ ಇರಬಹುದು ಎಂಬ ಊಹೆಯೂ ಇದೆ. ಆ ಕಾಲದ ಲಿವರ್‌ಪೂಲ್ ಗುಲಾಮರ ವ್ಯಾಪಾರದ ದೊಡ್ಡ ಬಂದರು, ಯಾವ ದೇಶದ ಮಗುವೂ ಅಲ್ಲಿ ಬೀದಿಪಾಲಾಗಬಹುದಿತ್ತು. ನನಗೆ ಮುಖ್ಯವಾದ ಸಂಗತಿ ಬೇರೆ. ಮನೆಯವರು ಅವನ ಮೂಲದ ಬಗ್ಗೆ ಇಷ್ಟೆಲ್ಲ ಊಹೆ ಮಾಡುತ್ತಾರೆ. ಆದರೆ ನೀನು ಮೊದಲು ಆಡುತ್ತಿದ್ದ ಆ ಮಾತು ಏನಾಗಿತ್ತು ಎಂದು ಒಬ್ಬರೂ ಅವನನ್ನು ಕೇಳುವುದಿಲ್ಲ.

ಸೇಡಿನ ಸರಪಳಿ ಇಲ್ಲಿಂದ ಶುರು. ಹಿರಿಯ ಅರ್ನ್‌ಶಾ ಬದುಕಿರುವವರೆಗೆ ಪಾದ್ರಿಯೊಬ್ಬರು ಹೀತ್‌ಕ್ಲಿಫ್‌ಗೂ ಪಾಠ ಹೇಳುತ್ತಾರೆ. ತಂದೆ ಸತ್ತು ಹಿಂಡ್ಲಿ ಯಜಮಾನನಾದ ಕೂಡಲೇ ಮಾಡುವ ಮೊದಲ ಕೆಲಸ ಆ ಪಾಠ ನಿಲ್ಲಿಸಿ ಅವನನ್ನು ಹೊಲದ ಆಳು ಮಾಡುವುದು. ಸ್ವಲ್ಪ ಕಾಲ ಕ್ಯಾಥರೀನ್ ತಾನು ಕಲಿತದ್ದನ್ನು ಅವನಿಗೆ ಹೇಳಿಕೊಡುತ್ತಾಳೆ. ಆಮೇಲೆ ಅದೂ ನಿಲ್ಲುತ್ತದೆ. ಅವಳು ನೆರೆಮನೆಯ ಎಡ್ಗರ್‌ನನ್ನು ಮದುವೆಯಾಗಲು ಒಪ್ಪಿದಾಗ ಹೀತ್‌ಕ್ಲಿಫ್ ಊರು ಬಿಡುತ್ತಾನೆ. ಮೂರು ವರ್ಷ ಕಳೆದು ಹಣವಂತನಾಗಿ ಮರಳಿದಾಗ ಅವನ ಹಗೆ ಹಿಂಡ್ಲಿಯ ಪುಟ್ಟ ಮಗ ಹೇರ್ಟನ್ ಮೇಲೆ ತಿರುಗುತ್ತದೆ. ಆಗ ಅವನು ಮಾಡುವುದೇನು? ಮಗುವನ್ನು ಹೊಡೆಯುವುದಿಲ್ಲ. ಅಕ್ಷರ ಕಲಿಸಲು ಬರುವ ಪಾದ್ರಿ ಹೊಸಿಲು ದಾಟದಂತೆ ನೋಡಿಕೊಳ್ಳುತ್ತಾನೆ. ನೆಲ್ಲಿ ಆ ಮಗುವಿಗೆ ಅಕ್ಷರ ತಿದ್ದಿಸಲು ಶುರು ಮಾಡಿದ್ದಳು. ಕೆಲವು ತಿಂಗಳು ಬಿಟ್ಟು ಬಂದು ನೋಡಿದರೆ ಅದೇ ಮಗು ಬಾಯ್ತುಂಬ ಬೈಗುಳ ಕಲಿತು ನಿಂತಿದೆ. ತನಗೆ ಏನು ಮಾಡಿದರೋ ಅದನ್ನೇ ತನ್ನ ವೈರಿಯ ಮಗನಿಗೆ ಮಾಡಿ ಫಲ ನೋಡುವುದು, ಇದು ಹೀತ್‌ಕ್ಲಿಫ್ ಕಂಡುಹಿಡಿದ ಸೇಡು.

ಈ ಸೇಡಿನ ತೂಕ ಗೊತ್ತಾಗುವುದು ಬಾಗಿಲಿನ ಮೇಲೆ. ಆ ಮನೆಯ ಮುಂಬಾಗಿಲಿನ ಕಲ್ಲಿನಲ್ಲಿ 1500 ಎಂಬ ಇಸವಿಯೂ ‘ಹೇರ್ಟನ್ ಅರ್ನ್‌ಶಾ’ ಎಂಬ ಹೆಸರೂ ಕೆತ್ತಿದೆ, ಅದು ಮನೆ ಕಟ್ಟಿದ ಪೂರ್ವಿಕನದು. ಅದೇ ಹೆಸರಿನ ವಾರಸುದಾರ ಅದೇ ಬಾಗಿಲಿನಡಿ ದಿನಕ್ಕೆ ಹತ್ತು ಬಾರಿ ಓಡಾಡುತ್ತಾನೆ, ತನ್ನ ಹೆಸರು ತನಗೇ ಓದಲು ಬರುವುದಿಲ್ಲ. ಜೂಜಿಗೆ ಬಿದ್ದ ಹಿಂಡ್ಲಿ ಜಮೀನೆಲ್ಲ ಅಡವಿಟ್ಟು ಸತ್ತಿದ್ದಾನೆ, ಅಡಮಾನದ ಕಾಗದ ಹೀತ್‌ಕ್ಲಿಫ್ ಕೈಯಲ್ಲಿದೆ. ಹೇರ್ಟನ್ ತನ್ನ ಮನೆಯಲ್ಲೇ ಸಂಬಳವಿಲ್ಲದ ಆಳು. ತನಗೆ ಮೋಸವಾಗಿದೆ ಎಂಬುದೂ ಅವನಿಗೆ ಗೊತ್ತಿಲ್ಲ.

ದಖನ್ನಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇದೇ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ 1875ರ ಮೇ 12ರಂದು ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಸಾಲದ ಪತ್ರಗಳನ್ನು. ಹೆಚ್ಚಿನವರಿಗೆ ಓದಲು ಬಾರದ, ಹೆಬ್ಬೆಟ್ಟು ಒತ್ತಿದ ಕಾಗದಗಳವು. ಸಿಕ್ಕ ಕಡೆ ರಾಶಿ ಹಾಕಿ ಸುಟ್ಟರು. ಅದಕ್ಕೂ ಮೊದಲು, ‘ವುದರಿಂಗ್ ಹೈಟ್ಸ್’ ಅಚ್ಚಾದ ಮರುವರ್ಷ 1848ರಲ್ಲಿ, ಪುಣೆಯ ಭಿಡೆ ವಾಡೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಸಾವಿತ್ರಿಬಾಯಿ ಹುಟ್ಟಿದ ನಾಯಗಾಂವ್ ಭೋರ್‌ಗೆ ಹತ್ತಿರದ ಊರು. ಅಕ್ಷರ ಕೊಡದಿರುವುದು ಒಂದು ಆಯುಧ ಎಂಬುದನ್ನು ಹಾವರ್ತ್‌ನ ಪಾದ್ರಿಯ ಮಗಳು ಕಾದಂಬರಿಯಲ್ಲಿ ತೋರಿಸಿದಳು, ಇಲ್ಲಿ ಇವರು ಬದುಕಿನಲ್ಲಿ ಎದುರಿಸಿದರು. ಒಬ್ಬರಿಗೊಬ್ಬರು ಗೊತ್ತಿರಲಿಲ್ಲ, ಆದರೆ ಕಾಲ ಒಂದೇ.

ಕನ್ನಡಕ್ಕೆ ಬಂದಾಗ ಈ ಕಥೆ ಇಂಗ್ಲಿಷಿನಲ್ಲಿ ಮುಚ್ಚಿಟ್ಟಿದ್ದನ್ನೂ ಬಾಯಿ ಬಿಡಬೇಕಾಗುತ್ತದೆ. ಇಂಗ್ಲಿಷಿನವರಿಗೆ ‘ಯೂ’ ಒಂದೇ. ನಮಗೆ ನೀನು, ನೀವು. ಸಂಜೆಗತ್ತಲಲ್ಲಿ ಮೂರು ವರ್ಷದ ಮೇಲೆ ಮರಳಿ ಬಂದ ಹೀತ್‌ಕ್ಲಿಫ್ ತೋಟದಲ್ಲಿ ನೆಲ್ಲಿಯನ್ನು ಕರೆಯುತ್ತಾನೆ. ಧ್ವನಿಯಲ್ಲಿ ಪರದೇಶದ ಛಾಯೆ, ಆದರೆ ಅವಳ ಹೆಸರು ಉಚ್ಚರಿಸುವ ರೀತಿ ಮಾತ್ರ ಪರಿಚಿತ. ಯಾರೋ ಸಾಹೇಬರು ಎಂದುಕೊಂಡಾಗ ಅವಳ ಬಾಯಲ್ಲಿ ‘ನೀವು’. ಗುರುತು ಸಿಕ್ಕ ಕ್ಷಣದಲ್ಲಿ? ಎತ್ತಿ ಆಡಿಸಿದ ಹುಡುಗನಿಗೆ ‘ನೀನು’, ಈಗಿನ ಬಟ್ಟೆಬರೆಗೆ ‘ನೀವು’. ನಮ್ಮ ಕಡೆ ಮಾತಿನಲ್ಲಿ ‘ಬಂದಿ?’ ಅನ್ನುವುದಕ್ಕೂ ‘ಬಂದ್ರಿ?’ ಅನ್ನುವುದಕ್ಕೂ ನಡುವೆ ಇರುವುದು ಒಂದು ರಕಾರ ಮಾತ್ರ. ಆಳು ಯಜಮಾನನಾದ ಇಡೀ ಕಥೆ ಆ ರಕಾರದಲ್ಲಿ ಕೂತಿದೆ.

ನೆಂಟಸ್ತಿಕೆಯದು ಇನ್ನೂ ದೊಡ್ಡ ಗೋಜು. ನಮ್ಮ ಮನೆಗಳಲ್ಲಿ ಒಂದು ಮಗು ಬಂದು ಸೇರಿಕೊಂಡರೆ ಅಣ್ಣ, ತಮ್ಮ, ಮಾವ, ಏನಾದರೂ ಒಂದು ಆಗಿಯೇ ಆಗುತ್ತದೆ. ಕ್ಯಾಥರೀನ್ ಹೀತ್‌ಕ್ಲಿಫ್‌ನನ್ನು ‘ಅಣ್ಣ’ ಅಂದರೆ ಕಥೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಕನ್ನಡದಲ್ಲಿ ಅವನು ಬರೀ ಹೆಸರಿನವನಾಗಿಯೇ ಉಳಿಯಬೇಕು. ಉಳಿದಾಗ, ಈ ಮನೆಯಲ್ಲಿ ಅವನು ಯಾರಿಗೂ ಏನೂ ಅಲ್ಲ ಎಂಬುದು ಇಂಗ್ಲಿಷಿಗಿಂತ ಗಟ್ಟಿಯಾಗಿ ಕೇಳಿಸುತ್ತದೆ.

ಎರಡನೆಯ ತಲೆಮಾರಿಗೆ ಬಂದರೆ ಕನ್ನಡ ಕಥೆಯ ಕೊನೆಯನ್ನೇ ಬಿಟ್ಟುಕೊಡುತ್ತದೆ. ಕ್ಯಾಥರೀನ್ ಹೆತ್ತು ಸಾಯುವ ಮಗಳ ಹೆಸರೂ ಕ್ಯಾಥರೀನ್, ಚಿಕ್ಕ ಕ್ಯಾಥಿ ಅನ್ನೋಣ. ಹೀತ್‌ಕ್ಲಿಫ್ ಎಡ್ಗರ್‌ನ ತಂಗಿ ಇಸಬೆಲ್ಲಾಳನ್ನು ಮದುವೆಯಾಗಿ ಹುಟ್ಟಿದ ಮಗ ಲಿಂಟನ್. ಕ್ಯಾಥಿಗೆ ಲಿಂಟನ್ ‘ಕಸಿನ್’, ಹೇರ್ಟನ್ನೂ ‘ಕಸಿನ್’. ಆದರೆ ಕನ್ನಡದಲ್ಲಿ ಲಿಂಟನ್ ಸೋದರತ್ತೆಯ ಮಗ, ಹೇರ್ಟನ್ ಸೋದರಮಾವನ ಮಗ. ಇಬ್ಬರೂ ಸಂಬಂಧ ಕೂಡಿಬರುವವರು! ಹದಿಮೂರರ ಹುಡುಗಿ ತಾನು ಆಳೆಂದುಕೊಂಡು ಗದರಿಸಿದ ಒರಟ ತನ್ನ ಕಸಿನ್ ಎಂದು ತಿಳಿದು ಅಳುವಾಗ, ಕನ್ನಡದ ಓದುಗರು ‘ಅಯ್ಯೋ, ಅವನು ನಿನಗೆ ಭಾವ ಆಗಬೇಕಲ್ಲೇ’ ಎಂದುಕೊಂಡು ಮುಂದಿನ ಮದುವೆಯನ್ನು ಆಗಲೇ ಕಂಡುಬಿಡುತ್ತಾರೆ. ಗಡಿ ದಾಟಿ ಮರಾಠಿಗೆ ಬಂದರೆ ಅವನು ‘ಮಾಮೇಭಾವು’. ಅಲ್ಲಿ ‘ಭಾವು’ ಅಂದರೆ ಅಣ್ಣತಮ್ಮ. ಒಂದು ಉಕಾರ ಸೇರಿದರೆ ಗಂಡನಾಗಬಹುದಾದವನು ಒಡಹುಟ್ಟಿದವನಾಗುತ್ತಾನೆ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ, ಭಾರತದ ಬಂಧುತ್ವ ವ್ಯವಸ್ಥೆಗಳ ಕುರಿತ ಪುಸ್ತಕದಲ್ಲಿ ಈ ಗಡಿಯ ವ್ಯತ್ಯಾಸವಿದೆ. ದಕ್ಷಿಣದಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗಳು ಇಬ್ಬರೂ ಆಗಬಹುದು. ಮಹಾರಾಷ್ಟ್ರದ ಹಲವು ಜಾತಿಗಳಲ್ಲಿ ಸೋದರಮಾವನ ಮಗಳನ್ನು ತರಬಹುದು, ಸೋದರತ್ತೆಯ ಮಗಳನ್ನು ತರಬಾರದು. ಈ ಲೆಕ್ಕದಲ್ಲಿ ಹೀತ್‌ಕ್ಲಿಫ್ ಕೂಡಿಹಾಕಿ ಬಲವಂತದಿಂದ ಮಾಡಿಸುವ ಲಿಂಟನ್–ಕ್ಯಾಥಿ ಮದುವೆ ಭೋರ್‌ನ ಹಿರಿಯರಿಗೆ ಒಪ್ಪಿಗೆಯಾದೀತು, ಒಲಿದು ಆಗುವ ಹೇರ್ಟನ್–ಕ್ಯಾಥಿ ಮದುವೆ ಒಪ್ಪಿಗೆಯಾಗದು. ಅಥಣಿಯಲ್ಲಿ ಎರಡಕ್ಕೂ ಊಟ ಹಾಕುತ್ತಾರೆ. ಆಸ್ತಿ ಹೊರಗೆ ಹೋಗಬಾರದೆಂದು ನಾವು ಹೇಳುತ್ತಾ ಬಂದ ಸೋದರ ಸಂಬಂಧವನ್ನೇ ಹೀತ್‌ಕ್ಲಿಫ್ ಬಳಸಿ ಎರಡೂ ಮನೆತನಗಳ ಆಸ್ತಿಯನ್ನು ಹೊರಗಿನವನಾದ ತನ್ನ ಕೈಗೆ ತಂದುಕೊಳ್ಳುತ್ತಾನೆ. ಇಂಗ್ಲಿಷ್ ವಿಮರ್ಶಕರಿಗೆ ಈ ಆಸ್ತಿಯ ಜಾಡು ಸ್ಪಷ್ಟವಾಗಲು 1926ರಲ್ಲಿ ಸಿ. ಪಿ. ಸ್ಯಾಂಗರ್ ಕೂತು ವಂಶವೃಕ್ಷ ಬರೆದು, ಆ ಕಾಲದ ಭೂಕಾನೂನು ಬಿಡಿಸಿ ತೋರಿಸಬೇಕಾಯಿತು. ನಮ್ಮ ಅಜ್ಜಿಯಂದಿರು ಬಾಯಲ್ಲೇ ಹೇಳಿಬಿಡುತ್ತಿದ್ದರು.

ಕೊನೆಗೆ ಜೋಸೆಫ್. ಆ ಮನೆಯ ಮುದಿ ಆಳು, ಬೈಬಲ್ ಹಿಡಿದು ಎಲ್ಲರಿಗೂ ನರಕ ತೋರಿಸುವವನು. ಅವನು ಆಡುವುದು ಅಪ್ಪಟ ಹಾವರ್ತ್ ಸೀಮೆಯ ಮಾತು. ಎಮಿಲಿ ಅದನ್ನು ಕಿವಿಗೆ ಬಿದ್ದ ಹಾಗೆ ಬರೆದಳು. 1848ರ ಡಿಸೆಂಬರಿನಲ್ಲಿ, ಮೂವತ್ತರ ವಯಸ್ಸಿಗೇ ಅವಳು ಸತ್ತಳು. 1850ರಲ್ಲಿ ಅಕ್ಕ ಶಾರ್ಲಟ್ ಹೊಸ ಆವೃತ್ತಿ ತಂದಾಗ ದಕ್ಷಿಣದ ಓದುಗರಿಗೆ ತಿಳಿಯಲೆಂದು ಜೋಸೆಫ್‌ನ ಮಾತನ್ನು ತಿದ್ದಿ ಮೆದು ಮಾಡಿದಳು. ಪ್ರೀತಿಯಿಂದಲೇ ಮಾಡಿದಳು. ಆದರೆ ಆ ತಿದ್ದುಪಡಿಯನ್ನು ಬದಿಗಿಟ್ಟು ಇಂದಿನ ಒಳ್ಳೆಯ ಆವೃತ್ತಿಗಳು 1847ರ ಪಾಠಕ್ಕೇ ಮರಳಿವೆ.

ನಾವು ಇನ್ನೂ 1850ರಲ್ಲೇ ಇದ್ದೇವೆ. ಕನ್ನಡದ ಅನುವಾದಗಳಲ್ಲಿ ಹೊರದೇಶದ ಊರಮಾತಿಗೆ ಸಿಗುವುದು ಎರಡೇ ಗತಿ. ಒಂದೋ ಎಲ್ಲರೂ ಪಠ್ಯಪುಸ್ತಕದ ಕನ್ನಡ ಆಡುತ್ತಾರೆ, ಇಲ್ಲವೇ ಯಾವ ಊರಿನದೂ ಅಲ್ಲದ, ಸಿನಿಮಾದ ಹಾಸ್ಯನಟರ ‘ಹಳ್ಳಿ ಭಾಷೆ’ ಆಡುತ್ತಾರೆ. ನಾನು ಒಪ್ಪಿಸಿದ ಒಂದು ಹಸ್ತಪ್ರತಿ ‘ಗ್ರಾಮ್ಯ ಪದಗಳನ್ನು ತೆಗೆಯಿರಿ’ ಎಂಬ ಟಿಪ್ಪಣಿಯೊಂದಿಗೆ ವಾಪಸು ಬಂದದ್ದುಂಟು. ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ನಂಜನಗೂಡು ಸೀಮೆಯ ಮಾತಿನಲ್ಲೇ ಬರೆದು ದಶಕಗಳೇ ಕಳೆದಿವೆ. ಓದಲು ಕಷ್ಟ ಎಂದು ಗೊಣಗುತ್ತಲೇ ಕನ್ನಡಿಗರು ಅದನ್ನು ಓದಿ ಮೆಚ್ಚಿದರು. ಸ್ವಂತ ಕೃತಿಗೆ ಇರುವ ಈ ಸ್ವಾತಂತ್ರ್ಯ ಅನುವಾದಕ್ಕೆ ಏಕಿಲ್ಲ?

ಯಾರ್ಕ್‌ಶೈರಿನ ಮುದುಕ ಅಥಣಿಯ ಮಾತಾಡಿದರೆ ನಗೆಪಾಟಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವನು ಮೈಸೂರಿನ ಪಠ್ಯಪುಸ್ತಕದಂತೆ ಮಾತಾಡಿದರೆ ಯಾರಿಗೂ ನಗು ಬರುವುದಿಲ್ಲ, ಅದು ಮಾತ್ರ ಯಾರ್ಕ್‌ಶೈರಿಗೆ ಹೇಗೆ ಹತ್ತಿರವಾಯಿತು? ಒಂದು ಊರಿನ ಕನ್ನಡ ನಮಗೆ ‘ಊರೇ ಇಲ್ಲದ ಕನ್ನಡ’ದಂತೆ ಕೇಳಿಸಲು ಕಾರಣ ರೂಢಿ ಅಷ್ಟೇ. ‘ಈ ಮನಿ ಮ್ಯಾಲ ದೇವರ ಸಿಟ್ಟ ಇಳೀತೈತಿ, ನೋಡ್ಕೋತ ಇರ್ರಿ’ ಎಂದು ಜೋಸೆಫ್ ಅಂದರೆ ಮೊದಲ ಪುಟದಲ್ಲಿ ನಗು ಬಂದೀತು. ಹತ್ತನೆಯ ಪುಟಕ್ಕೆ ಭಯವಾದೀತು. ಅದಕ್ಕೆ ಹತ್ತೊಂಬತ್ತನೆಯ ಶತಮಾನದ ಮಿಶನರಿಗಳ ಬೈಬಲ್ ಕನ್ನಡದ ಬಿಗಿಯನ್ನೂ ಬೆರೆಸಬೇಕು. ಯಾವ ಸೀಮೆಯ ಮಾತು ಎಂಬುದು ಅನುವಾದಕರ ಕಿವಿಗೆ ಬಿಟ್ಟದ್ದು. ಕುಂದಾಪುರದವರು ಕುಂದಾಪುರದ್ದು ಕೊಡಲಿ. ಒಂದೇ ಷರತ್ತು: ಅದು ನಿಜವಾಗಿ ಯಾರೋ ಆಡುವ ಮಾತಾಗಿರಬೇಕು.

ಕಾದಂಬರಿಯ ಕೊನೆ ನನ್ನ ವಾದಕ್ಕೆ ಪೂರ್ತಿ ಅನುಕೂಲವಾಗಿಲ್ಲ, ಅದಕ್ಕೇ ನನಗೆ ಅದು ಇಷ್ಟ. ಹೇರ್ಟನ್ ಕದ್ದುಮುಚ್ಚಿ ಅಕ್ಷರ ಕಲಿಯಲು ಹೊರಟಾಗ ಕ್ಯಾಥಿ ಅವನ ತೊದಲು ಓದನ್ನು ಅಣಕಿಸುತ್ತಾಳೆ. ಅವನು ಪುಸ್ತಕಗಳನ್ನು ಬೆಂಕಿಗೆ ಹಾಕುತ್ತಾನೆ. ಮುಂದೆ ಅವಳೇ ಒಂದು ಪುಸ್ತಕವನ್ನು ಕಾಗದದಲ್ಲಿ ಸುತ್ತಿ ರಾಜಿಗೆ ಕೊಡುತ್ತಾಳೆ. 1802ರ ಸೆಪ್ಟೆಂಬರಿನಲ್ಲಿ ಲಾಕ್‌ವುಡ್ ಮರಳಿ ಬಂದಾಗ ಕಿಟಕಿಯಿಂದ ಕೇಳಿಸುವುದು ಒಂದು ಪದದ ಉಚ್ಚಾರವನ್ನು ಅವಳು ತಿದ್ದುತ್ತಿರುವ ದನಿ. ಹೀತ್‌ಕ್ಲಿಫ್ ಆಗ ಸತ್ತಾಗಿದೆ. ಮೂರು ದಶಕಗಳ ಹಗೆ ಒಂದು ಓದುವ ಪಾಠದಲ್ಲಿ ಮುಗಿಯುತ್ತದೆ. ಆದರೆ ಅವಳು ಕಲಿಸುವುದು ತನ್ನ ಶಿಷ್ಟ ಇಂಗ್ಲಿಷನ್ನು. ಮದುವೆಯಾಗಿ ಇಬ್ಬರೂ ಕೆಳಗಿನ ದೊಡ್ಡ ಮನೆಗೆ ಹೋಗುತ್ತಾರೆ. ಗುಡ್ಡದ ಮೇಲಿನ ಮನೆಯಲ್ಲಿ ಉಳಿದ ಕೋಣೆಗಳಿಗೆಲ್ಲ ಬೀಗ, ಅಡುಗೆಮನೆ ಮಾತ್ರ ಜೋಸೆಫ್‌ಗೆ.

ಒಂದು ಭಾಷೆಯನ್ನು ಬಡಬಡಿಕೆ ಎಂದು ಹೊರಗಿಟ್ಟು ಶುರುವಾದ ಕಥೆ ಇನ್ನೊಂದು ಮಾತನ್ನು ಅಡುಗೆಮನೆಗೆ ಸೇರಿಸಿ ಮುಗಿಯುತ್ತದೆ. ಅಕ್ಷರ ಬೇಕೇ ಬೇಕು, ಹೇರ್ಟನ್ ತನ್ನ ಬಾಗಿಲಿನ ಹೆಸರನ್ನು ಓದಲೇಬೇಕು. ಅದಕ್ಕಾಗಿ ಮನೆಯ ಮಾತನ್ನು ಒಳಗಿಟ್ಟು ಬೀಗ ಹಾಕಬೇಕೆಂದಿಲ್ಲ. ಎಮಿಲಿ ಕನಿಷ್ಠ ಜೋಸೆಫ್‌ನ ಮಾತನ್ನು ಇದ್ದ ಹಾಗೆ ಅಚ್ಚಿಗೆ ಕಳಿಸಿದಳು. ಈ ಪುಸ್ತಕ ಕನ್ನಡದಲ್ಲಿ ಎಷ್ಟು ಸಲ ಬಂದರೂ, ಯಾರೇ ತಂದರೂ, ಅಷ್ಟನ್ನಾದರೂ ಉಳಿಸಿಕೊಡಬೇಕು ಎಂಬುದು ನನ್ನ ಬೇಡಿಕೆ.

ಅಂದಹಾಗೆ, ಗುಡ್ಡದ ಮೇಲಿನ ಗಾಳಿಯ ಅಬ್ಬರಕ್ಕೆ ನಿಮ್ಮ ಕಡೆ ಯಾವ ಪದವಿದೆ? ಹೊರಗಿನವರಿಗೆ ಬಿಡಿಸಿ ಹೇಳಬೇಕಾದಂಥ ಪದ. ಈ ಮೇಲ್‌ಗೇ ಉತ್ತರ ಬರೆದು ಕಳಿಸಿ. ಹೆಸರು ಅನುವಾದಿಸಲು ನನಗೆ ಅದು ಬೇಕಾಗಿದೆ.